ನಕ್ಷತ್ರ ಆಮೆಯೋ, ಕೆಂಪು ಕಿವಿಯ ಆಮೆಯೋ?

ಮನೆಗೊಂದು ಆಮೆ ತರಬೇಕು, ಯಾವುದು ಒಳ್ಳೇದು ಅಂತ ಕೇಳುವವರಿಗೆ ಇದು.

ನಕ್ಷತ್ರ ಆಮೆ ನಮ್ಮದೇ ಕುರುಚಲು ಕಾಡಿನದು. ಮನೆಗೆ ಅದೃಷ್ಟ ತರುತ್ತದೆ ಅಂತ ಹಿಡಿದು ಕದ್ದು ಮಾರುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವುದೇ ಅಪರಾಧ. ಇದನ್ನು ಬಿಟ್ಟುಬಿಡಿ.

ಕೆಂಪು ಕಿವಿಯದು ಅಮೆರಿಕದ್ದು. ಅಂಗಡಿಯಲ್ಲಿ ಸಿಗುತ್ತದೆ, ಹಾಗಾಗಿ ಸುಲಭ ಅನ್ನಿಸುತ್ತದೆ. ತರುವಾಗ ಅಂಗೈಯಲ್ಲಿ ಕೂರುವ ಮರಿ, ಬೆಳೆದರೆ ಊಟದ ತಟ್ಟೆಯಷ್ಟು. 20-30 ವರ್ಷ ಬದುಕಬಲ್ಲದು. ಈಜಲು ದೊಡ್ಡ ತೊಟ್ಟಿ, ಫಿಲ್ಟರ್, ಮೈ ಒಣಗಿಸಿಕೊಳ್ಳಲು ಕಲ್ಲು ಬೇಕು. ಬಿಸಿಲು ಬೀಳದಿದ್ದರೆ ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ದೀಪ ಬೇಕೇ ಬೇಕು, ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಅಂಥದ್ದೊಂದನ್ನು ಮುಟ್ಟಿ ನೋಡಿದ್ದೇನೆ. ಬೆರಳು ಒತ್ತಿದರೆ ಚಿಪ್ಪು ತಗ್ಗುತ್ತಿತ್ತು. ಸಂಕಟವಾಯಿತು. ಸಾಕಾಯ್ತು ಅಂತ ಸುಮ್ನೆ ಕೆರೆಗೆ ಬಿಟ್ಟರೆ ಅಲ್ಲಿನ ಆಮೆಗಳ ಜಾಗ, ಆಹಾರ ಎರಡನ್ನೂ ಕಸಿಯುತ್ತದೆ.

ಚೆನ್ನಾಗಿ ನೋಡಿಕೊಂಡರೆ ತಪ್ಪೇನು ಅಂತ ಕೆಲವರು. ಎಷ್ಟು ದೊಡ್ಡ ತೊಟ್ಟಿಯಾದರೂ ಅದು ಸೆರೆಯೇ ಅಲ್ವಾ ಅಂತ ಪ್ರಾಣಿಹಕ್ಕಿನವರು. ನಾನು ಇವರ ಕಡೆ. ಹೊಸದನ್ನು ಕೊಳ್ಳಬೇಡಿ. ಯಾರೋ ಸಾಕಲಾಗದೆ ಕೊಡುವ ಕೆಂಪು ಕಿವಿಯದಿದ್ದರೆ, ದೀಪ ತೊಟ್ಟಿ ಎಲ್ಲ ಸಿದ್ಧ ಮಾಡಿಕೊಂಡು ಕರೆದುಕೊಂಡು ಬನ್ನಿ.