ನಿಷೇಧವೋ, ಶುಲ್ಕವೋ, ಠೇವಣಿಯೋ: ಯಾವ ಪ್ಲಾಸ್ಟಿಕ್‌ಗೆ ಯಾವ ನೀತಿ?

ಬದಲಿ ವಸ್ತು ಸುಲಭವಾಗಿ ಸಿಗುವ ಕಡೆ ಮಾತ್ರ ನಿಷೇಧ ಫಲಿಸುತ್ತದೆ. ಸ್ಟ್ರಾ, ಚಮಚ, ಥರ್ಮೋಕೋಲ್ ತಟ್ಟೆಗೆ ಸರಿ. ಔಷಧ ಮಾತ್ರೆಗಳ ಸ್ಟ್ರಿಪ್‌ಗೆ ಅಲ್ಲ. ನಿಷೇಧ ಸೋಲುವುದು ಹೆಚ್ಚಾಗಿ ವ್ಯಾಖ್ಯೆಯಲ್ಲಿ. ಕ್ಯಾಲಿಫೋರ್ನಿಯಾ ತೆಳು ಚೀಲ ನಿಷೇಧಿಸಿ, ದಪ್ಪ ಚೀಲವನ್ನು ‘ಮತ್ತೆ ಮತ್ತೆ ಬಳಸಬಹುದಾದದ್ದು’ ಎಂದು ಬಿಟ್ಟಿತು. ಜನ ಅದನ್ನೂ ಒಂದೇ ಸಲ ಬಳಸಿ ಎಸೆದರು, ಅದೂ ಹಲವು ಪಟ್ಟು ಹೆಚ್ಚು ಪ್ಲಾಸ್ಟಿಕ್ ಇದ್ದ ಚೀಲವನ್ನು. ಈ ಕಿಂಡಿ ಮುಚ್ಚುವ ಕಾನೂನು ಬಂದದ್ದು 2024ರಲ್ಲಿ. ಚೀಲದ ದಪ್ಪಕ್ಕೆ ಹಾಕುವ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಮಿತಿಗೆ ಇನ್ನೊಂದು ತೊಡಕು: 100 ಮತ್ತು 120 ಮೈಕ್ರಾನ್ ಚೀಲಗಳ ವ್ಯತ್ಯಾಸ ಬರಿಗಣ್ಣಿಗೆ ತಿಳಿಯದು. ತಪಾಸಣೆಗೆ ಹೋದವರ ಕೈಯಲ್ಲಿ ದಪ್ಪ ಅಳೆಯುವ ಗೇಜ್ ಇಲ್ಲದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಚೀಲಕ್ಕೆ ನನ್ನ ಮತ ಶುಲ್ಕಕ್ಕೇ. ಐರ್ಲೆಂಡ್ 2002ರಲ್ಲಿ ಚೀಲಕ್ಕೆ 15 ಸೆಂಟ್ (ಯೂರೋದ ನೂರನೇ ಪಾಲು) ಶುಲ್ಕ ಹಾಕಿದಾಗ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಮತ್ತೆ ಏರತೊಡಗಿದಾಗ, 2007ರಲ್ಲಿ, 22 ಸೆಂಟ್ ಮಾಡಿದರು. ದರ ಪರಿಷ್ಕರಿಸದಿದ್ದರೆ ಜನ ಒಗ್ಗಿಹೋಗುತ್ತಾರೆ. ಶುಲ್ಕ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಲೇಬೇಕು. ತಯಾರಕರ ಮೇಲಿನ ತೆರಿಗೆಯ ಕೆಲಸವೇ ಬೇರೆ. ಬ್ರಿಟನ್ 2022ರಿಂದ, ಮರುಬಳಕೆಯ (ಹಳೆಯದನ್ನು ಸಂಸ್ಕರಿಸಿದ) ಪ್ಲಾಸ್ಟಿಕ್ ಶೇ 30ಕ್ಕಿಂತ ಕಡಿಮೆ ಇರುವ ಪ್ಯಾಕಿಂಗ್‌ಗೆ ತೆರಿಗೆ ಹಾಕುತ್ತಿದೆ. ಇದರಿಂದ ಬದಲಾಗುವುದು ಮುಖ್ಯವಾಗಿ ಕಚ್ಚಾವಸ್ತು, ಪ್ಯಾಕಿಂಗ್‌ನ ಪ್ರಮಾಣವಲ್ಲ.

ಬಾಟಲಿ, ಕ್ಯಾನ್‌ಗಳಿಗೆ ಠೇವಣಿ: ಕೊಳ್ಳುವಾಗ ಕಟ್ಟಿದ ಹಣ ಖಾಲಿಯಾದದ್ದನ್ನು ಮರಳಿಸಿದಾಗ ವಾಪಸ್. ಜರ್ಮನಿಯಲ್ಲಿ ಒಂದೇ ಸಲ ಬಳಸುವ ಬಾಟಲಿಗೆ 25 ಸೆಂಟ್. ಬಹುಪಾಲು ಬಾಟಲಿಗಳು ಅಂಗಡಿಯ ಯಂತ್ರಕ್ಕೇ ಮರಳುತ್ತವೆ.

ಸ್ಯಾಶೆಗಳಿಗೆ (ಶಾಂಪೂವಿನಂಥ ಸಣ್ಣ ಪೊಟ್ಟಣಗಳಿಗೆ) ಇದು ನಡೆಯದು: ಬೇರೆ ಬೇರೆ ವಸ್ತುಗಳ ಪದರಗಳು ಬೆಸೆದಿರುತ್ತವೆ, ಗುಜರಿಯಲ್ಲೂ ಬೆಲೆಯಿಲ್ಲ. ಅಲ್ಲಿ ಉತ್ಪಾದಕರ ಹೊಣೆಗಾರಿಕೆಯೇ ದಾರಿ, ಅಂದರೆ ಮಾರಿದ ಪ್ಲಾಸ್ಟಿಕ್‌ನ ವಿಲೇವಾರಿ ಕಂಪನಿಯದೇ ಹೊಣೆ. ಆದರೆ ಮರುಬಳಕೆ ಆಯಿತೆಂಬ ಪ್ರಮಾಣಪತ್ರ ಮಾತ್ರ ನೋಡಿ ಬಿಟ್ಟರೆ ನಕಲಿ ಹುಟ್ಟಿಕೊಳ್ಳುತ್ತದೆ. ಮರುಬಳಕೆ ಘಟಕದ ವಿದ್ಯುತ್ ಬಿಲ್ಲು, ತೂಕದ ಚೀಟಿಗಳನ್ನು ತಾಳೆ ಹಾಕಿ.