ಶಿಬಿರ ನಿರ್ವಹಣೆಯ ಸಾಫ್ಟ್‌ವೇರ್: ಹಾಸಿಗೆ ಲೆಕ್ಕ ಬರುತ್ತೆ, ಕೌನ್ಸೆಲರ್ ಲೆಕ್ಕ ಬರಲ್ಲ

ಕ್ರೈಸ್ತ ಶಿಬಿರ ಮತ್ತು ರಿಟ್ರೀಟ್ ಕೇಂದ್ರ (ಗುಂಪುಗಳು ಪ್ರಾರ್ಥನೆ, ಧ್ಯಾನಕ್ಕೆಂದು ಬಂದು ತಂಗುವ ಜಾಗ) ನಡೆಸುವವರಿಗೆ ಈಗ ಸಾಫ್ಟ್‌ವೇರ್‌ಗೆ ಬರವಿಲ್ಲ. ಅಲ್ಟ್ರಾಕ್ಯಾಂಪ್, ಕ್ಯಾಂಪ್‌ಬ್ರೈನ್, ಸರ್ಕಿಟ್ರೀ ಎಂಬ ಹೆಸರುಗಳು ಈ ವಲಯದಲ್ಲಿ ಕೇಳಿಬರುತ್ತವೆ. ಆರೋಗ್ಯ ದಾಖಲೆಗೆಂದೇ ಹೆಸರಾದ ಕ್ಯಾಂಪ್‌ಡಾಕ್ ಕೂಡ ಇದೆ. ಈ ವಿಮರ್ಶೆ ಯಾವುದೋ ಒಂದು ಬ್ರ್ಯಾಂಡಿನದ್ದಲ್ಲ, ಈ ಜಾತಿಯ ಸಾಫ್ಟ್‌ವೇರ್‌ನದ್ದು: ನಿರ್ದೇಶಕರ ತಲೆಭಾರ ಎಲ್ಲಿ ಇಳಿಯುತ್ತದೆ, ಎಲ್ಲಿ ಸುಮ್ಮನೆ ಜಾಗ ಬದಲಿಸುತ್ತದೆ ಅನ್ನೋದು.

ನೋಂದಣಿಯ ವಿಷಯದಲ್ಲಿ ತಕರಾರಿಲ್ಲ. ಫಾರ್ಮ್, ಮುಂಗಡ, ಕಂತು, ವೇಟಿಂಗ್ ಲಿಸ್ಟ್, ಅಣ್ಣ–ತಂಗಿಗೆ ರಿಯಾಯಿತಿ, ಬಾಕಿ ಇದ್ದವರಿಗೆ ನೆನಪೋಲೆ, ಇವನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ಹೆಣಗಾಡಿದವರಿಗೆ ಮೊದಲ ವಾರದಲ್ಲೇ ಹಾಯೆನಿಸುತ್ತದೆ. ಒಂದು ಸಣ್ಣ ಎಚ್ಚರಿಕೆ: ಹಣ ವಾಪಸ್ ಕೊಟ್ಟರೂ ಎಷ್ಟೋ ಪಾವತಿ ಗೇಟ್‌ವೇಗಳು ತಮ್ಮ ಶುಲ್ಕ ವಾಪಸ್ ಕೊಡುವುದಿಲ್ಲ. ರದ್ದತಿ ನಿಯಮದಲ್ಲಿ ಅದನ್ನು ಮೊದಲೇ ಬರೆಯದಿದ್ದರೆ ಆ ನಷ್ಟ ಶಿಬಿರದ ತಲೆಗೇ.

ನಿಜವಾದ ಪರೀಕ್ಷೆ ಇರುವುದು ಸೀಟಿನ ಲೆಕ್ಕದಲ್ಲಿ. ಬಹಳಷ್ಟು ಸಾಫ್ಟ್‌ವೇರ್‌ಗಳಿಗೆ ಸೀಟು ಅಂದರೆ ಹಾಸಿಗೆ. ಆದರೆ ಶಿಬಿರ ನಡೆಸುವವರಿಗೆ ಕೊರತೆ ಇರುವುದು ಹಾಸಿಗೆಗಲ್ಲ, ಮಕ್ಕಳ ಜೊತೆ ಕ್ಯಾಬಿನ್‌ನಲ್ಲಿ (ಮಲಗುವ ಮನೆಯಲ್ಲಿ) ಇದ್ದು ಅವರನ್ನು ನೋಡಿಕೊಳ್ಳುವ ಕೌನ್ಸೆಲರ್‌ಗಳಿಗೆ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್‌ನ ಮಾನದಂಡದ ಪ್ರಕಾರ ರಾತ್ರಿ ತಂಗುವ ಶಿಬಿರದಲ್ಲಿ 6ರಿಂದ 8 ವರ್ಷದ 6 ಮಕ್ಕಳಿಗೆ ಒಬ್ಬರು, 9ರಿಂದ 14 ವರ್ಷದ 8 ಮಕ್ಕಳಿಗೆ ಒಬ್ಬರು ಬೇಕು. ನಿಮ್ಮಲ್ಲಿನ ಕಾನೂನು ಇನ್ನೂ ಬಿಗಿಯಾಗಿದ್ದರೆ ಆ ಕಾನೂನಿನದ್ದೇ ಲೆಕ್ಕ. 12 ವರ್ಷದ 48 ಹುಡುಗರು, 48 ಹುಡುಗಿಯರು ಅಂದುಕೊಳ್ಳಿ: ಎರಡೂ ಕಡೆ ಆರಾರು ಕೌನ್ಸೆಲರ್. ಶಿಬಿರಕ್ಕೆ ಮೂರು ವಾರ ಇರುವಾಗ ಹುಡುಗಿಯರ ಕಡೆಯ ಒಬ್ಬರು ಬರುವುದಿಲ್ಲ ಅಂದರೆ ಅಲ್ಲಿನ ಸೀಟು 40ಕ್ಕೆ ಇಳಿಯಬೇಕು. ಪರದೆಯ ಮೇಲೆ ಮಾತ್ರ 48 ಹಾಗೇ ಇರುತ್ತದೆ, ನೋಂದಣಿ ನಡೆಯುತ್ತಲೇ ಇರುತ್ತದೆ. 41ನೇ ಮಗುವಿನ ಹಣ ಬಂದ ಮೇಲೆ ಆ ಮನೆಗೆ ಫೋನ್ ಮಾಡಬೇಕಾದವರು ನಿರ್ದೇಶಕರೇ. ಹುಡುಗರ ಕಡೆ ಒಬ್ಬರು ಹೆಚ್ಚಿಗೆ ಇದ್ದರೂ ಉಪಯೋಗವಿಲ್ಲ, ಅವರನ್ನು ಹುಡುಗಿಯರ ಕ್ಯಾಬಿನ್‌ಗೆ ಕಳಿಸಲಾಗದು. ಆದ್ದರಿಂದ ಡೆಮೊ ಕೊಡುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ: ಕೌನ್ಸೆಲರ್ ಹೆಸರು ತೆಗೆದರೆ ಸೀಟು ತಾನಾಗಿ ಇಳಿಯುತ್ತದೆಯೇ? ಇಲ್ಲ ಅಂದರೆ, ಸೀಟನ್ನು ಆರಂಭದಲ್ಲಿ ಖಚಿತವಾದ ಕೌನ್ಸೆಲರ್‌ಗಳ ಲೆಕ್ಕಕ್ಕೆ ಇಟ್ಟು, ಒಬ್ಬೊಬ್ಬರು ಒಪ್ಪಿದಂತೆ ಎಂಟೆಂಟು ಏರಿಸುತ್ತ ಹೋಗುವುದೇ ದಾರಿ.

ಸಿಬ್ಬಂದಿಯ ಕಡತದಲ್ಲಿ ಒಂದು ಸೌಲಭ್ಯ ಇದ್ದರೆ ಅದಕ್ಕೇ ಅರ್ಧ ಅಂಕ ಕೊಡಬಹುದು: ಹಿನ್ನೆಲೆ ತಪಾಸಣೆ ಮತ್ತು ಶಿಫಾರಸು ಪತ್ರ ಬರುವ ತನಕ ಆ ವ್ಯಕ್ತಿಯನ್ನು ಕ್ಯಾಬಿನ್‌ಗೆ ಹಾಕಲು ಬಿಡದ ಬೀಗ. "ನಮ್ಮ ಪಾಸ್ಟರ್ ಮಗನೇ, ಗೊತ್ತಿರೋ ಹುಡುಗ" ಎಂಬ ಮಾತಿಗೆ ನಿರ್ದೇಶಕರು ಸೋಲಬಹುದು, ಸಾಫ್ಟ್‌ವೇರ್ ಸೋಲುವುದಿಲ್ಲ. ಒಂದು ವಾರಕ್ಕಷ್ಟೇ ಬರುವ ಸ್ವಯಂಸೇವಕರಿಗೂ ಅದೇ ಬೀಗ ಬೀಳುತ್ತದೆಯೇ ನೋಡಿಕೊಳ್ಳಿ, ಕೆಲವದರಲ್ಲಿ ಸಂಬಳದವರಿಗೆ ಮಾತ್ರ ಇರುತ್ತದೆ.

ಸಾಮಾನ್ಯ ಬೇಸಿಗೆ ಶಿಬಿರಕ್ಕೆ ಹೊಲಿದ ಅಂಗಿ ಕ್ರೈಸ್ತ ಶಿಬಿರಕ್ಕೆ ಬಿಗಿಯಾಗುವುದು ಸಭೆಗಳ (ಅಂದರೆ ಚರ್ಚ್‌ಗಳ) ವ್ಯವಹಾರದಲ್ಲಿ. ಒಂದು ಮಗುವಿನ ಶುಲ್ಕದಲ್ಲಿ ಅರ್ಧ ಸಭೆಯದ್ದು, ಕಾಲು ಭಾಗ ಸಹಾಯನಿಧಿಯದ್ದು, ಉಳಿದದ್ದು ಮನೆಯವರದ್ದು. ಮೂವರಿಗೂ ಬೇರೆ ಬೇರೆ ಬಿಲ್ ಹೋಗಬೇಕು. ಒಬ್ಬರು ತಡಮಾಡಿದರೆ ನೆನಪೋಲೆ ಅವರಿಗೆ ಮಾತ್ರ ಹೋಗಬೇಕು. ಸಭೆ ಹಣ ಕಳಿಸಿಲ್ಲವೆಂದು ತಾಯಿಗೆ "ಬಾಕಿ ಇದೆ" ಎಂಬ ಮೆಸೇಜ್ ಹೋದರೆ ಆ ಮುಜುಗರ ಯಾವ ಸಾಫ್ಟ್‌ವೇರ್ ಕಂಪನಿಗೂ ಅರ್ಥವಾಗದು. ಇನ್ನೊಂದು ತೊಡಕು, ಯುವಜನ ನಾಯಕರು 20 ಮಕ್ಕಳನ್ನು ಒಟ್ಟಿಗೆ ನೋಂದಾಯಿಸುತ್ತಾರೆ. ಹೆಸರು, ವಯಸ್ಸು ಅವರು ತುಂಬಲಿ. ಆರೋಗ್ಯದ ಫಾರ್ಮ್ ಮಾತ್ರ ನೇರವಾಗಿ ಪೋಷಕರಿಗೇ ಹೋಗಬೇಕು. ನಾಯಕರ ಲಾಗಿನ್‌ನಲ್ಲಿ ಎಲ್ಲ ಮಕ್ಕಳ ಮಾತ್ರೆ, ಕಾಯಿಲೆ ಕಾಣಿಸುತ್ತಿದ್ದರೆ ಆ ಸಾಫ್ಟ್‌ವೇರ್ ಬೇಡ.

ಔಷಧಿ ದಾಖಲೆಯನ್ನು ಹತ್ತಿರದಿಂದ ನೋಡಬೇಕು. ಪೋಷಕರು ತುಂಬುವ ಜಾಗ ಖಾಲಿ ಪೆಟ್ಟಿಗೆಯಾಗಿದ್ದರೆ "ರಾತ್ರಿ ಅರ್ಧ, ಕೆಮ್ಮು ಇದ್ರೆ ಒಂದು" ಎಂದು ಬರೆದಿರುತ್ತಾರೆ. ಯಾವುದರ ಅರ್ಧ? ಹೆಸರು, ಪ್ರಮಾಣ, ಹೊತ್ತು, ದಿನಾಲೂ ಕೊಡಬೇಕೋ ಬೇಕಾದಾಗಷ್ಟೇ ಕೊಡಬೇಕೋ ಎಂಬುದಕ್ಕೆ ನಾಲ್ಕು ಪ್ರತ್ಯೇಕ ಮನೆಗಳಿರಬೇಕು. ಕೊಟ್ಟಾಗ ಕೊಟ್ಟವರ ಹೆಸರು ಮತ್ತು ಗಂಟೆ ಬೀಳಬೇಕು. "ಮಗು ಬೇಡವೆಂದಿತು" ಎಂದು ಗುರುತು ಹಾಕುವ ಗುಂಡಿಯೂ ಇರಬೇಕು, ಇಲ್ಲದಿದ್ದರೆ ಕೊಡದ ಮಾತ್ರೆಯೂ ಕೊಟ್ಟಂತೆಯೇ ಕಾಣುತ್ತದೆ. ಅಲರ್ಜಿ ಪಟ್ಟಿ ನರ್ಸ್ ಕೋಣೆಯಲ್ಲಿ ಮಾತ್ರವಲ್ಲ, ಅಡುಗೆಮನೆಗೂ ಬೇರೆಯಾಗಿ ಪ್ರಿಂಟ್ ಆಗಬೇಕು, ಕಾಯಿಲೆಯ ವಿವರ ಬಿಟ್ಟು.

ಶಾಲೆ ನಡೆಯುವ ತಿಂಗಳುಗಳಲ್ಲಿ ಕೇಂದ್ರ ಉಳಿಯುವುದು ಹೊರಗಿನ ಗುಂಪುಗಳ ರಿಟ್ರೀಟ್ ಬುಕಿಂಗ್‌ನಿಂದ. ಈ ಭಾಗ ಹಲವು ಸಾಫ್ಟ್‌ವೇರ್‌ಗಳಲ್ಲಿ ಆಮೇಲೆ ಅಂಟಿಸಿದ ಹಾಗಿರುತ್ತದೆ. ಮೊದಲನೆಯದು ಖಾತರಿ ಸಂಖ್ಯೆ, ಅಂದರೆ ಕಡಿಮೆ ಜನ ಬಂದರೂ ಗುಂಪು ಹಣ ಕೊಡಲೇಬೇಕಾದ ತಲೆಗಳ ಲೆಕ್ಕ. ಗುಂಪೊಂದು 80 ಮಂದಿ ಎಂದು ಬುಕ್ ಮಾಡಿ 55 ಮಂದಿಯನ್ನು ಕರೆತರುತ್ತದೆ. ಒಪ್ಪಂದದಲ್ಲಿ ಶೇ. 85ರ ಖಾತರಿ ಇದ್ದರೆ ಬಿಲ್ 68 ಜನರಿಗೆ ಆಗಬೇಕು, ಅಕ್ಕಿ–ತರಕಾರಿ ತಂದಾಗಿರುತ್ತದಲ್ಲ. ಬಂದವರ ಸಂಖ್ಯೆ, ಖಾತರಿ ಸಂಖ್ಯೆ ಎರಡರಲ್ಲಿ ದೊಡ್ಡದನ್ನು ಸಾಫ್ಟ್‌ವೇರ್ ತಾನೇ ಹಿಡಿಯಬೇಕು. ಎರಡನೆಯದು ಶುಚಿಗೊಳಿಸುವ ಬಿಡುವು. ಭಾನುವಾರ ಮಧ್ಯಾಹ್ನ 2ಕ್ಕೆ ಒಂದು ಗುಂಪು ಹೊರಟು 5ಕ್ಕೆ ಇನ್ನೊಂದು ಬರುತ್ತದೆ. 12 ಕೋಣೆ, ಕೋಣೆಗೆ ಅರ್ಧ ಗಂಟೆ, ಕೆಲಸಕ್ಕೆ ಇಬ್ಬರು: ಸರಿಯಾಗಿ ಮೂರು ಗಂಟೆ, ಉಸಿರಾಡಲು ಒಂದು ನಿಮಿಷವೂ ಇಲ್ಲ. ಹೊರಡುವವರ ಕೊನೆಯ ಪ್ರಾರ್ಥನೆ ಇಪ್ಪತ್ತು ನಿಮಿಷ ಉದ್ದವಾದರೆ ಕೆಲಸ ಕೆಟ್ಟಿತು, ಮತ್ತೆ ಅದು ಉದ್ದವಾಗಿಯೇ ಆಗುತ್ತದೆ. ಬುಕಿಂಗ್ ಕ್ಯಾಲೆಂಡರ್‌ನಲ್ಲಿ ಈ ಬಿಡುವನ್ನು ಕೂರಿಸಲಾಗದಿದ್ದರೆ ಸುಳ್ಳು ಗುಂಪೊಂದನ್ನು ಬುಕ್ ಮಾಡಿಟ್ಟು ಜಾಗ ಹಿಡಿಯುವ ಉಪಾಯ ನಡೆಯುತ್ತದೆ, ಆದರೆ ವರ್ಷದ ವರದಿ ಹಾಳಾಗುತ್ತದೆ.

ಸಾಫ್ಟ್‌ವೇರ್‌ನಲ್ಲಿ ಇಡಲೇಬಾರದ್ದೂ ಇದೆ. ಮಕ್ಕಳು ಕೌನ್ಸೆಲರ್ ಬಳಿ ಹೇಳಿಕೊಂಡ ಮನೆಯ ಸಂಕಟ, ಪ್ರಾರ್ಥನೆಯ ವಿನಂತಿಗಳು "ಟಿಪ್ಪಣಿ" ಪೆಟ್ಟಿಗೆಯಲ್ಲಿ ಬಿದ್ದರೆ ಕಚೇರಿಯ ಯಾರು ಬೇಕಾದರೂ ಓದುತ್ತಾರೆ. ದೌರ್ಜನ್ಯದ ಸುಳಿವು ಇದ್ದರಂತೂ ಅದು ಟಿಪ್ಪಣಿಯ ವಿಷಯವೇ ಅಲ್ಲ. ಕಾನೂನಿನಂತೆ ಸಂಬಂಧಪಟ್ಟವರಿಗೆ ಕೂಡಲೇ ತಿಳಿಸಬೇಕಾದದ್ದು.

ಕೊಳ್ಳುವ ಮುನ್ನ ಡೆಮೊ ನೋಡಿ ತಲೆಯಾಡಿಸಬೇಡಿ. ಹತ್ತು ಕಾಲ್ಪನಿಕ ಕುಟುಂಬ ಮಾಡಿ ನೀವೇ ನೋಂದಾಯಿಸಿ: ಅವಳಿ ಮಕ್ಕಳು, ಬೇರೆಯಾದ ತಂದೆತಾಯಿ (ಕರೆದೊಯ್ಯಲು ಒಬ್ಬರಿಗೆ ಮಾತ್ರ ಅನುಮತಿ), ಸಭೆ ಹಣ ಕಟ್ಟುವ ಮಗು, ಕಡಲೆಕಾಯಿ ಅಲರ್ಜಿ, ಕೊನೆ ಗಳಿಗೆಯ ರದ್ದತಿ. ಎರಡು ತಾಸಿನಲ್ಲಿ ಬಣ್ಣ ಬಯಲಾಗುತ್ತದೆ. ಎಲ್ಲ ಮಾಹಿತಿಯನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ) ಕಡತವಾಗಿ ಇಳಿಸಿಕೊಳ್ಳಲು ಬರುತ್ತದೆಯೇ ಎಂದೂ ಆಗಲೇ ನೋಡಿ, ಬಿಟ್ಟು ಹೋಗುವಾಗ ಕೇಳಿದರೆ ತಡವಾಯಿತು. ಹೊಸದಕ್ಕೆ ಬದಲಾಗುವುದು ಶಿಬಿರದ ಕಾಲ ಮುಗಿದ ಮೇಲೆ, ನೋಂದಣಿ ತೆರೆಯುವ ಮುಂಚಿನ ತಿಂಗಳಲ್ಲಂತೂ ಬೇಡ.

ವರ್ಷಕ್ಕೆ ಒಂದೇ ವಾರ, 60 ಮಕ್ಕಳ ಶಿಬಿರ ನಡೆಸುವವರಿಗೆ ಇದೆಲ್ಲ ಅತಿಯಾಯಿತು. ಗೂಗಲ್ ಫಾರ್ಮ್, ಒಂದು ಹಾಳೆ, ಗೆರೆ ಹಾಕಿದ ಔಷಧಿ ಪುಸ್ತಕ ಸಾಕು. ದೊಡ್ಡ ಶಿಬಿರದವರೂ ಮಕ್ಕಳು ಬರುವ ಹಿಂದಿನ ರಾತ್ರಿ ಕ್ಯಾಬಿನ್ ಪಟ್ಟಿ, ಔಷಧಿ ಪಟ್ಟಿ, ತುರ್ತು ಫೋನ್ ನಂಬರುಗಳನ್ನು ಕಾಗದದ ಮೇಲೆ ಇಳಿಸಿಕೊಳ್ಳಲಿ. ಶಿಬಿರದ ಜಾಗಗಳಲ್ಲಿ ಮಳೆ ಬಂದರೆ ಮೊದಲು ಹೋಗುವುದು ಇಂಟರ್ನೆಟ್ಟೇ.