ಕುಗ್ಗುವ ಎಲೆ, ಕತ್ತರಿಸಿದ ಎಲೆ, ದೊಡ್ಡ ಎಲೆ: ಯಾವುದನ್ನು ಕೊಳ್ಳಬೇಕು, ಯಾರನ್ನು ನೆನೆಯಬೇಕು

ಇಸ್ಪೀಟ್ ಜಾದೂ ಕಲಿಯಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಯಾವ ಕಟ್ಟು ತಗೊಳ್ಳಲಿ?’ ಆನ್‌ಲೈನಿನಲ್ಲಿ ಹುಡುಕಿದರೆ ನೂರಾರು ಬಗೆ ಸಿಗುತ್ತವೆ. ಎಲ್ಲವೂ ‘ಜಗತ್ತೇ ಬೆರಗಾಗುವ ಜಾದೂ’ ಎಂದೇ ಹೇಳಿಕೊಳ್ಳುತ್ತವೆ. ಅದಕ್ಕೆ ಇಲ್ಲಿ ಎಲೆಯ ಅಳತೆಯನ್ನೇ ನೆಚ್ಚಿಕೊಂಡ ಆಟಗಳನ್ನು ಎತ್ತಿಕೊಂಡಿದ್ದೇನೆ. ಕಣ್ಣೆದುರೇ ಚಿಕ್ಕದಾಗುವ ಎಲೆ, ಯಾರಿಗೂ ಗೊತ್ತಾಗದಷ್ಟು ಕತ್ತರಿಸಿದ ಎಲೆ, ಕೊನೇ ಸಾಲಿನವರಿಗೂ ಕಾಣುವ ದೊಡ್ಡ ಎಲೆ. ಮನೆಯಲ್ಲಿ, ಶಾಲೆಯ ಕಾರ್ಯಕ್ರಮಗಳಲ್ಲಿ, ನೆಂಟರಿಷ್ಟರು ಸೇರಿದ ಕಡೆಗಳಲ್ಲಿ ಇವನ್ನೆಲ್ಲ ಮಾಡಿ ನೋಡಿದ್ದೇನೆ. ಅವುಗಳ ಜೊತೆಗೆ, ಅಳತೆಗೆ ಸಂಬಂಧವಿಲ್ಲದ ಒಂದು ಎದುರಾಳಿಯನ್ನೂ ಸೇರಿಸಿದ್ದೇನೆ. ಅದನ್ನು ಬಿಟ್ಟರೆ ಹೋಲಿಕೆ ಪೂರ್ತಿಯಾಗುವುದಿಲ್ಲ.

ಮೊದಲು ಕುಗ್ಗುವ ಎಲೆ. ಹತ್ತೊಂಬತ್ತನೇ ಶತಮಾನದ ಯುರೋಪಿನ ವೇದಿಕೆಗಳಿಂದ ಬಂದ ಹಳೆಯ ಆಟ ಇದು. ಎಡಗೈಯಲ್ಲಿ ಮಾಮೂಲಿ ಎಲೆಗಳನ್ನು ಬೀಸಣಿಗೆ ಬಿಡಿಸಿ ತೋರಿಸುತ್ತೀರಿ. ಮುಚ್ಚಿ, ಬಲಗೈಯಿಂದ ಒಮ್ಮೆ ಹಿಂಡುತ್ತೀರಿ. ಮತ್ತೆ ಬಿಡಿಸಿದರೆ ಎಲೆಗಳು ಮುಕ್ಕಾಲಾಗಿವೆ. ಇನ್ನೊಮ್ಮೆ ಹಿಂಡಿದರೆ ಅರ್ಧ. ಕೊನೆಗೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಪುಟಾಣಿ ಬೀಸಣಿಗೆ. ಮಾತೇ ಬೇಕಾಗಿಲ್ಲ. ಹಿನ್ನೆಲೆಗೆ ಸಂಗೀತ ಹಾಕಿ ಮಾಡಿದರೆ ಇನ್ನೂ ಚೆಂದ. ಭಾಷೆ ಬಾರದ ಊರಿನಲ್ಲೂ ನಡೆಯುತ್ತದೆ, ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಇದರ ಒಳಗಿನ ಕಟ್ಟೋಣವನ್ನು ನಾನಿಲ್ಲಿ ಬಿಚ್ಚಿಡುವುದಿಲ್ಲ. ವೇದಿಕೆಯಲ್ಲಿ ಇದನ್ನೇ ನಂಬಿಕೊಂಡವರು ಇದ್ದಾರೆ. ಆದರೆ ಕೊಳ್ಳುವ ಮುಂಚೆ ನೋಡಬೇಕಾದ್ದನ್ನು ಹೇಳುತ್ತೇನೆ. ಅಗ್ಗದ ಸೆಟ್ಟುಗಳಲ್ಲಿ ಅಳತೆ ಇಳಿಯುವ ಹಂತ ಸರಿ ಇರುವುದಿಲ್ಲ. ಮೊದಲ ಹಿಂಡಿಗೆ ಚೂರೇ ಚೂರು ಇಳಿಯುತ್ತದೆ, ಮುಂದಿನದಕ್ಕೆ ದಿಢೀರನೆ ಅರ್ಧಕ್ಕೆ ಇಳಿಯುತ್ತದೆ. ಆಗ ನೋಡುವವರಿಗೆ ಎಲೆ ಕುಗ್ಗಿದ ಹಾಗೆ ಅನ್ನಿಸುವುದಿಲ್ಲ, ಬದಲಾಯಿಸಿದ ಹಾಗೆ ಅನ್ನಿಸುತ್ತದೆ. ಮುದ್ರಣವನ್ನೂ ಗಮನಿಸಿ. ದೊಡ್ಡ ಎಲೆಯ ಆಟೀನು ರಾಜನೂ ಪುಟ್ಟ ಎಲೆಯ ಆಟೀನು ರಾಜನೂ ಒಂದೇ ಚಿತ್ರವಾಗಿರಬೇಕು, ಕೆಂಪು ಒಂದೇ ಕೆಂಪಾಗಿರಬೇಕು. ಬೇರೆ ಕಟ್ಟಿನಿಂದ ತಂದು ಸೇರಿಸಿದ ಪುಟ್ಟ ಎಲೆಗಳಾದರೆ ಮೂಲೆಯ ಅಂಕಿ ದಪ್ಪವಾಗಿ ಕಾಣುತ್ತದೆ. ಮಕ್ಕಳ ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ.

ಇದರ ದೊಡ್ಡ ತೊಂದರೆ ಪಕ್ಕದಲ್ಲಿ ಕೂತವರು. ವೇದಿಕೆಯಲ್ಲಿ ಎಲ್ಲರೂ ಎದುರಿಗೇ ಇರುತ್ತಾರೆ. ಮನೆಯ ಪಡಸಾಲೆಯಲ್ಲಿ ಹಾಗಲ್ಲವಲ್ಲ, ಸೋಫಾದ ತೋಳಿನ ಮೇಲೆ ಒಬ್ಬ, ಬಾಗಿಲಿಗೆ ಒರಗಿ ಇನ್ನೊಬ್ಬ. ಜೊತೆಗೆ ಆಟ ಮುಗಿದ ಕೂಡಲೇ ನಮ್ಮ ಸೋದರಮಾವ ಕೈ ಚಾಚುತ್ತಾರೆ. ‘ಎಲ್ಲಿ, ಇಲ್ಲಿ ಕೊಡೋ, ನೋಡೋಣ.’ ಕೊಡುವ ಹಾಗಿಲ್ಲ. ಕೊಡದಿದ್ದರೆ ಅರ್ಧ ಮಜಾ ಹೋಯಿತು. ಅದಕ್ಕೆ ಕೊನೆಯ ಪುಟಾಣಿ ಎಲೆಗಳನ್ನು ಒಂದು ಬೆಂಕಿಪೊಟ್ಟಣಕ್ಕೆ ಹಾಕಿ, ಪೊಟ್ಟಣವನ್ನೇ ಮಗುವಿನ ಕೈಗೆ ಕೊಡುವ ಹಾಗೆ ಆಟವನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು. ಮಗು ತೆರೆದು ನೋಡುತ್ತದೆ, ಎಲ್ಲರ ಕಣ್ಣೂ ಅತ್ತ ಹೋಗುತ್ತದೆ, ನಿಮ್ಮ ಕೈ ಖಾಲಿಯಾಗಲು ಸಮಯ ಸಿಗುತ್ತದೆ.

ಎರಡನೆಯದು ಸ್ವೆಂಗಾಲಿ ಕಟ್ಟು. ಇದರ ಗುಟ್ಟು ನೂರು ವರ್ಷಗಳಿಂದ ಪುಸ್ತಕಗಳಲ್ಲಿದೆ, ಆಟಿಕೆ ಅಂಗಡಿಯ ಪೊಟ್ಟಣದೊಳಗಿನ ಚೀಟಿಯಲ್ಲೂ ಇರುತ್ತದೆ. ಹಾಗಾಗಿ ಹೇಳಲು ಅಡ್ಡಿಯಿಲ್ಲ. 52ರಲ್ಲಿ 26 ಎಲೆ ಬೇರೆ ಬೇರೆ, ಉಳಿದ 26 ಒಂದೇ ಎಲೆ. ಎಲ್ಲವೂ ಇಸ್ಪೀಟಿನ ಎಕ್ಕ ಅಂತಿಟ್ಟುಕೊಳ್ಳಿ. ಈ ಎಕ್ಕಗಳು ಉದ್ದದಲ್ಲಿ ಚೂರು ಗಿಡ್ಡ, ಒಂದು ಮಿಲಿಮೀಟರ್ ಆಸುಪಾಸು. ಒಂದು ಉದ್ದ, ಒಂದು ಗಿಡ್ಡ ಹೀಗೆ ಜೋಡಿಸಿರುತ್ತಾರೆ. ಹೆಬ್ಬೆರಳಿನಿಂದ ಅಂಚನ್ನು ಜಾರಿಸಿದರೆ ಎಲೆಗಳು ಜೋಡಿ ಜೋಡಿಯಾಗಿಯೇ ಬೀಳುತ್ತವೆ, ಗಿಡ್ಡದ್ದು ಉದ್ದದ್ದರ ಹಿಂದೆ ಅಡಗುತ್ತದೆ. ನೋಡುವವರಿಗೆ ಬರೀ ಬೇರೆ ಬೇರೆ ಎಲೆಗಳೇ ಕಾಣುತ್ತವೆ. ಎಲ್ಲಿ ತಡೆದರೂ ಸಿಗುವುದು ಮಾತ್ರ ಎಕ್ಕವೇ.

ಕೇಳಲು ಇಷ್ಟೇ. ಕೈಯಲ್ಲಿ ಹಿಡಿದು ನೋಡಿದಾಗ ಮಾತ್ರ ಇದರ ಸೊಗಸು ತಿಳಿಯುತ್ತದೆ. ಎಲೆಗಳು ಜಾರುವಾಗ ಬರುವ ಸದ್ದು ಮಾಮೂಲಿ ಕಟ್ಟಿನದಕ್ಕಿಂತ ತುಸು ಭಾರ, ಏಕೆಂದರೆ ಬೀಳುತ್ತಿರುವುದು ಎರಡೆರಡು. ವೇಗ ಒಂದೇ ಸಮ ಇರಬೇಕು. ಬೆರಳು ಒತ್ತಿ ಹಿಡಿದರೆ ಗೊಂಚಲಾಗಿ ಬೀಳುತ್ತವೆ, ಸಡಿಲ ಬಿಟ್ಟರೆ ಎಲ್ಲ ಒಟ್ಟಿಗೇ ಉದುರುತ್ತವೆ. ಒಳ್ಳೆಯ ಕಟ್ಟಿನಲ್ಲಿ ಗಿಡ್ಡ ಎಲೆಗಳ ಮೂಲೆಯನ್ನೂ ದುಂಡಾಗಿ ಕತ್ತರಿಸಿರುತ್ತಾರೆ. ಅಗ್ಗದ್ದರಲ್ಲಿ ಮೂಲೆ ಚೂಪಾಗಿ ಬೆರಳಿಗೆ ತಾಗುತ್ತದೆ. ನೋಡುವವರ ಬೆರಳಿಗೂ ತಾಗುತ್ತದೆ, ಅದು ನೆನಪಿರಲಿ.

ಅಳತೆ ಬದಲಿಸಿದ ಎಲೆಯನ್ನು ಕಟ್ಟಿನಲ್ಲಿ ಬಚ್ಚಿಡುವ ಉಪಾಯ ಇನ್ನೂ ಹಳೆಯದು. 18ನೇ ಶತಮಾನದ ಫ್ರೆಂಚ್ ಪುಸ್ತಕಗಳಲ್ಲೇ ‘ಅಗಲ ಎಲೆ’ ಬರುತ್ತದೆ. ಆದರೆ ಅದನ್ನು ಇಡೀ ಕಟ್ಟಿಗೆ ಹಬ್ಬಿಸಿ 1909ರ ಸುಮಾರಿಗೆ ಮಾರುಕಟ್ಟೆಗೆ ತಂದವರಲ್ಲಿ ದೊಡ್ಡ ಹೆಸರು ಅಮೆರಿಕದ ಬರ್ಲಿಂಗ್ ಹಲ್. ಇದು ತನ್ನದೇ ಎಂದು ಅವರು ಬದುಕಿಡೀ ಹೇಳಿಕೊಂಡರು, ಜಾದೂ ಬಗ್ಗೆ ಹತ್ತಾರು ಪುಸ್ತಕ ಬರೆದರು. ಕಟ್ಟಿಗೆ ಉಳಿದದ್ದು ಮಾತ್ರ ಒಂದು ಇಂಗ್ಲಿಷ್ ಕಾದಂಬರಿಯ ವಶೀಕರಣಗಾರನ ಹೆಸರು. ಆಮೇಲೆ ಷಿಕಾಗೋದ ಮಾರ್ಷಲ್ ಬ್ರೋಡಿಯನ್ ಇದನ್ನೇ ‘ಟಿವಿ ಮ್ಯಾಜಿಕ್ ಕಾರ್ಡ್ಸ್’ ಎಂದು ಟಿವಿ ಜಾಹೀರಾತಿನಲ್ಲಿ ಮಾರಿ ಅಮೆರಿಕದ ಮನೆಮನೆಗೆ ಮುಟ್ಟಿಸಿದರು. ಕಾದಂಬರಿಯ ಖಳನ ಹೆಸರು ಗೊತ್ತು, ಮಾರಿದವರ ಮುಖ ಗೊತ್ತು, ಹಲ್ ಯಾರೆಂದು ಕೇಳಿದರೆ ಕಟ್ಟು ಮಾರುವವರಿಗೇ ಗೊತ್ತಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ನಮ್ಮಲ್ಲಿ ಭಾವಗೀತೆ ಹಾಡುವವರು ಕವಿಯ ಹೆಸರು ಹೇಳಿಯೇ ಶುರು ಮಾಡುತ್ತಾರೆ ಅಲ್ವಾ? ಎಲೆಯ ಆಟ ಕಟ್ಟಿದವರಿಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಸ್ವೆಂಗಾಲಿಯ ಮಿತಿ ಏನೆಂದರೆ, ಅದನ್ನೂ ಯಾರ ಕೈಗೂ ಕೊಡುವಂತಿಲ್ಲ. ಒಂದೇ ಕೂಟದಲ್ಲಿ ಮೂರು ನಾಲ್ಕು ಸಲ ಮಾಡಿದರೆ ಯಾರೋ ಒಬ್ಬರು ‘ಪ್ರತಿ ಸಲ ಎಕ್ಕನೇ ಯಾಕೆ?’ ಎಂದು ಕೇಳಿಯೇ ಕೇಳುತ್ತಾರೆ. ಒಂದೆರಡು ಆಟಕ್ಕೆ ನಿಲ್ಲಿಸಿ, ಅದೇ ಬೆನ್ನಿನ ಮಾಮೂಲಿ ಕಟ್ಟನ್ನು ಮುಂದಿಟ್ಟುಬಿಡಬೇಕು.

ಇದರ ದಾಯಾದಿ ಸ್ಟ್ರಿಪ್ಪರ್ ಕಟ್ಟು. ಇಲ್ಲಿ ಎಲ್ಲ ಎಲೆಗಳೂ ಒಂದು ತುದಿಯಲ್ಲಿ ಚೂರು ಸಪೂರ. ಒಂದೆಲೆಯನ್ನು ತಿರುಗಿಸಿ ಒಳಗಿಟ್ಟರೆ ಅಂಚಿನಲ್ಲಿ ಬೆರಳಿಗೆ ಸಿಗುತ್ತದೆ, ಎಷ್ಟು ಕಲಸಿದರೂ ಎಳೆದು ತೆಗೆಯಬಹುದು. 52 ಎಲೆಗಳೂ ನಿಜವಾದವೇ ಆದ್ದರಿಂದ ಹರಡಿ ತೋರಿಸಲು ಹೆದರಿಕೆಯಿಲ್ಲ. ಆದರೆ ಪ್ರತಿ ಸಲ ಎಲೆ ಆರಿಸಿದ ಮೇಲೆ ಕಟ್ಟನ್ನು ಗೊತ್ತಾಗದಂತೆ ತಿರುಗಿಸಬೇಕು. ಅದು ಸಹಜವಾಗಿ ಬರುವ ತನಕ ಅಭ್ಯಾಸ ಬೇಕು. ಮಕ್ಕಳಿಗೆ ಸ್ವೆಂಗಾಲಿ, ತಾಳ್ಮೆ ಇರುವವರಿಗೆ ಸ್ಟ್ರಿಪ್ಪರ್.

ಈಗ ದೊಡ್ಡ ಎಲೆ. ಮಾಮೂಲಿ ಎಲೆಯ ಹತ್ತಿರ ಹತ್ತಿರ ಎರಡು ಪಟ್ಟು ಉದ್ದದ ಜಂಬೋ ಎಲೆಗಳಲ್ಲಿ ಸಿಗುವ ಆಟಗಳಲ್ಲಿ ನಾನು ಹೆಚ್ಚು ಮೆಚ್ಚಿದ್ದು ‘ಪ್ರಿನ್ಸೆಸ್ ಕಾರ್ಡ್’. ಐದು ಎಲೆ ತೋರಿಸಿ, ಒಂದನ್ನು ಮನಸ್ಸಿನಲ್ಲೇ ನೆನೆಯಲು ಹೇಳುತ್ತೀರಿ. ಬಾಯಿ ಬಿಡಬೇಕಿಲ್ಲ, ಮುಟ್ಟಬೇಕಿಲ್ಲ. ಒಂದೆಲೆ ತೆಗೆದು ಪಕ್ಕಕ್ಕಿಟ್ಟು ಉಳಿದದ್ದನ್ನು ತೋರಿಸಿದರೆ ಅವರು ನೆನೆದ ಎಲೆಯೇ ಇಲ್ಲ. ಇದರ ಒಂದು ರೂಪವನ್ನು ನೀವೂ ನೋಡಿರುತ್ತೀರಿ. ‘ಪರದೆಯ ಮೇಲಿನ ಒಂದು ಎಲೆ ನೆನೆಯಿರಿ, ನಾನದನ್ನು ಮಾಯ ಮಾಡುತ್ತೇನೆ’ ಎಂದು ಇಮೇಲಿನಲ್ಲಿ, ವಾಟ್ಸಾಪಿನಲ್ಲಿ ಸುತ್ತಿದ ಆಟದ ಮೂಲ ಇದೇ. ಕೋಟಿಗಟ್ಟಲೆ ಜನ ಫಾರ್ವರ್ಡ್ ಮಾಡಿರಬೇಕು. ಅದನ್ನು 20ನೇ ಶತಮಾನದ ಆರಂಭದಲ್ಲಿ ಕಟ್ಟಿದವರು ಅಮೆರಿಕದ ಹೆನ್ರಿ ಹಾರ್ಡಿನ್. ಅದೂ ಅವರ ನಿಜವಾದ ಹೆಸರಲ್ಲ, ಹುಟ್ಟಿನ ಹೆಸರು ಇ. ಎ. ಪಾರ್ಸನ್ಸ್. ಎರಡು ಹೆಸರಿದ್ದೂ ಒಂದೂ ಜನರ ಬಾಯಲ್ಲಿ ಉಳಿಯಲಿಲ್ಲ.

ಜಂಬೋ ಅಳತೆಯಲ್ಲಿ ಇದನ್ನು ಶಾಲೆಯ ಸಭಾಂಗಣದಲ್ಲಿ ಮಾಡಿದಾಗ ಒಂದು ಅನುಕೂಲ ಕಂಡೆ. ಐದು ಎಲೆಯಲ್ಲಿ ನೂರು ಮಕ್ಕಳು ಬೇರೆ ಬೇರೆ ಎಲೆ ನೆನೆದಿದ್ದರೂ ಪ್ರತಿಯೊಬ್ಬರಿಗೂ ತನ್ನ ಎಲೆಯೇ ಮಾಯವಾದ ಹಾಗೆ ಆಗುತ್ತದೆ. ‘ನಂದು!’ ‘ಇಲ್ಲ ಕಣೋ, ನಂದು!’ ಎಂದು ಅವರೊಳಗೇ ಜಗಳ ಶುರುವಾಗುತ್ತದೆ. ಅಲ್ಲೇ ಅಪಾಯವೂ ಇದೆ. ಜಗಳ ಬೆಳೆದರೆ ಗುಟ್ಟು ಹೊರಬೀಳುತ್ತದೆ. ಅದಕ್ಕೇ ಒಂದು ಮಗುವನ್ನು ವೇದಿಕೆಗೆ ಕರೆದು ಅದೊಂದೇ ನೆನೆಯುವಂತೆ ಮಾಡುವುದು ಮೇಲು. ಕೈ ಚಿಕ್ಕದಿದ್ದವರಿಗೆ ಜಂಬೋ ಎಲೆ ಹಿಡಿಯುವುದು ಕಷ್ಟ, ಬೆರಳು ಅಂಚಿಗೆ ತಲುಪುವುದಿಲ್ಲ. ಕೊಳ್ಳುವ ಮುಂಚೆ ಅಷ್ಟೇ ಉದ್ದದ ರಟ್ಟಿನ ತುಂಡುಗಳನ್ನು ಹಿಡಿದು ನೋಡಿ.

ಮುದ್ರಿಸಿದ ಮಾಯದ ಎಲೆಗಳ ಮಾತು ಬಂದಾಗ ಥಿಯೋಡರ್ ಡಿಲ್ಯಾಂಡ್ ಅವರನ್ನು ಬಿಡಲಾಗದು. 1873ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡ ಅವರು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೆಲಸಕ್ಕಿದ್ದರು. ಬಿಡುವಿನಲ್ಲಿ ಒಂದರ ಮೇಲೊಂದು ವಿಶೇಷ ಎಲೆಗಳನ್ನು ರೂಪಿಸಿದರು. ಬೆನ್ನಿನ ಚಿತ್ತಾರ ನೋಡಿದರೆ ಎಲೆ ಯಾವುದೆಂದು, ಜೋಡಿಸಿದ ಕಟ್ಟಿನಲ್ಲಿ ಅದರ ಜಾಗ ಎಷ್ಟನೆಯದೆಂದು ಕೂಡ ತಿಳಿಯುವ ‘ಆಟೋಮ್ಯಾಟಿಕ್’ ಕಟ್ಟು ಅವರದು. ಅವರ ಬದುಕಿನ ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. ಆಟಗಳನ್ನು ಬೇರೆಯವರು ಮಾರುತ್ತ ಹೋದರು. ಇವತ್ತು ಸಿಗುವ ಅನೇಕ ಮುದ್ರಿತ ಮಾಯದೆಲೆಗಳ ಹಿಂದೆ ಅವರು ತೋರಿಸಿದ ದಾರಿಯಿದೆ.

ಇನ್ನು ಮೊದಲಲ್ಲೇ ಹೇಳಿದ ಎದುರಾಳಿ, ಇನ್ವಿಸಿಬಲ್ ಡೆಕ್, ಅಂದರೆ ‘ಕಾಣದ ಕಟ್ಟು’. ಇಲ್ಲಿ ಅಳತೆಯ ಆಟವೇ ಇಲ್ಲ. ಎದುರಿನವರು ಯಾವುದೇ ಎಲೆ ಹೇಳಲಿ, ಕಟ್ಟು ಬಿಡಿಸಿದರೆ ಅದೊಂದೇ ಮಗುಚಿಕೊಂಡಿರುತ್ತದೆ. 1936ರಲ್ಲಿ ಇದನ್ನು ‘ಅಲ್ಟ್ರಾ ಮೆಂಟಲ್’ ಎಂದು ತಂದವರು ಜೋ ಬರ್ಗ್. ಕಾಣದ ಕಟ್ಟನ್ನು ಎದುರಿನವರ ಕೈಗೆ ಕೊಟ್ಟು ‘ಒಂದೆಲೆ ಮಗುಚಿಡಿ’ ಎನ್ನುವ ಸೊಗಸಾದ ಕಥೆ ಸೇರಿಸಿದ ಹೆಗ್ಗಳಿಕೆ ಎಡ್ಡಿ ಫೀಲ್ಡ್ಸ್ ಅವರದು. ಟಿವಿಯಲ್ಲಿ ಮಾಡಿ ಹೆಸರಾಗಿಸಿದವರು ಡಾನ್ ಅಲನ್. ಬರ್ಗ್ ಅವರ ಹೆಸರು ಹಿಂದೆ ಬಿತ್ತು. ದೊಡ್ಡವರ ಎದುರಿಗೆ ಇದಕ್ಕೆ ಸಾಟಿಯಿಲ್ಲ. ಸ್ವೆಂಗಾಲಿಯಲ್ಲಿ ನೀವು ಎಲೆ ಕೊಡುತ್ತೀರಿ, ಇಲ್ಲಿ ಅವರು ಕೇಳುತ್ತಾರೆ. ಆ ವ್ಯತ್ಯಾಸ ಬುದ್ಧಿವಂತರಿಗೆ ಕೂಡಲೇ ಅರಿವಾಗುತ್ತದೆ. ಆದರೆ ಒಂದು ಕೂಟಕ್ಕೆ ಒಂದೇ ಸಲ. ‘ಇನ್ನೊಮ್ಮೆ’ ಎಂದರೆ ಒಪ್ಪಬಾರದು.

ಮಳೆಗಾಲದಲ್ಲಿ ಎರಡೂ ಕಾಟ ಕೊಡುತ್ತವೆ. ಕರಾವಳಿ, ಮಲೆನಾಡಿನ ತೇವಕ್ಕೆ ಸ್ವೆಂಗಾಲಿಯ ಎಲೆ ಉಬ್ಬಿ ಜಾರುವುದು ನಿಲ್ಲುತ್ತದೆ. ಇನ್ವಿಸಿಬಲ್ ಡೆಕ್ಕಿನಲ್ಲಿ ಬೇರೆಯಾಗಬೇಕಾದ ಎಲೆಗಳೂ ಅಂಟಿಕೊಳ್ಳುತ್ತವೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಚೀಲ ಹಾಕಿಡಿ. ಎಲೆಗಳಿಗೆ ಪೌಡರ್ ಹಚ್ಚುವುದು ಮಾತ್ರ ಬೇಡ, ಇನ್ವಿಸಿಬಲ್ ಡೆಕ್ ಪೂರ್ತಿ ಹಾಳಾಗುತ್ತದೆ.

ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಕೊಡುವುದಾದರೆ ಸ್ವೆಂಗಾಲಿ. ಆಫೀಸಿನವರ, ನೆಂಟರ ಮುಂದೆ ಮಾಡುವವರಿಗೆ ಇನ್ವಿಸಿಬಲ್. ವೇದಿಕೆ, ಬೆಳಕು, ಸಂಗೀತ ಇದ್ದರೆ ಕುಗ್ಗುವ ಎಲೆ. ಒಂದೇ ಒಂದನ್ನು ಇಟ್ಟುಕೊಳ್ಳಬೇಕೆಂದರೆ ನಾನು ಹಾರ್ಡಿನ್ ಅವರ ಪ್ರಿನ್ಸೆಸ್ ಇಟ್ಟುಕೊಳ್ಳುತ್ತೇನೆ, ಜಂಬೋದಲ್ಲಲ್ಲ, ಮಾಮೂಲಿ ಅಳತೆಯಲ್ಲಿ. ಜೇಬಿನಲ್ಲಿ ಹಿಡಿಯುತ್ತದೆ, ಐದೇ ಎಲೆ ಸಾಕು.

ಕೊಳ್ಳುವಾಗ ಅಳತೆ ಕೇಳಿಯೇ ಕೊಳ್ಳಿ. ಹೊರದೇಶದ ಜಾದೂ ಕಟ್ಟುಗಳು ಹೆಚ್ಚಾಗಿ ಬೈಸಿಕಲ್ ಬ್ರ್ಯಾಂಡಿನ ಪೋಕರ್ ಅಳತೆಯವು, 63 ಮಿ.ಮೀ. ಅಗಲ. ನಮ್ಮ ಅಂಗಡಿಗಳಲ್ಲಿ ಬ್ರಿಡ್ಜ್ ಅಳತೆಯ 57 ಮಿ.ಮೀ. ಕಟ್ಟುಗಳು ಜಾಸ್ತಿ. ಉದ್ದ ಎರಡರದ್ದೂ 88. ಮನೆಯಲ್ಲಿರುವ ಕಟ್ಟಿನ ಜೊತೆ ಬದಲಾಯಿಸಿ ಮಾಡುವ ಆಟವಾದರೆ ಆ ಆರು ಮಿಲಿಮೀಟರ್ ಎಲ್ಲರಿಗೂ ಕಾಣುತ್ತದೆ. ಜಾದೂ ಕಟ್ಟಿನ ಜೊತೆಗೇ ಅದೇ ಬ್ರ್ಯಾಂಡಿನ, ಅದೇ ಬಣ್ಣದ ಬೆನ್ನಿನ ಒಂದು ಮಾಮೂಲಿ ಕಟ್ಟನ್ನೂ ತರಿಸಿಕೊಳ್ಳಿ.